ಪದಚರ್ಚೆ: ಕಿಟಕಿ ಕೆಳಗಿನ ‘ಫ್ಲಾಶಿಂಗ್’ಗೆ ಏನನ್ನೋಣ?

ಗೆಳೆಯರೇ,

ಮರದ ಗೋಡೆಗಳಲ್ಲಿ ಹೊರಬಾಗಿಲು, ಕಿಟಕಿಗಳ ಕೆಳಗೆ ಎದ್ದುಬಂದ ಸ್ಟಕ್ಕೊ ಸರಿಪಡಿಸುವ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ‘ಫ್ಲಾಶಿಂಗ್’ಗೆ, ಅಂದರೆ ಕಿಟಕಿ, ಬಾಗಿಲಿನ ಸುತ್ತ ನೀರನ್ನು ಹೊರಗೆ ಇಳಿಸುವ ಪಟ್ಟಿಗೆ, ಕನ್ನಡ ಪದ ಬೇಕಾಗಿದೆ. ‘ಸ್ಟಕ್ಕೊ’ಗೆ ಗಾರೆ ಅಂದರೆ ಸಾಕು. ಸಿಮೆಂಟು, ಸುಣ್ಣ, ಮರಳು ಕಲಸಿ ಬಳಿಯುವುದು ತಾನೇ? ಮೂರು ಪದರಗಳಿಗೂ ಹೆಸರಿಟ್ಟಾಯಿತು: ಗೀರು ಪದರ, ಮಟ್ಟದ ಪದರ, ಮೇಲ್ಪದರ. ಮುಂದಿನದು ಕಚ್ಚಿಕೊಳ್ಳಲೆಂದು ಮೊದಲನೆಯದನ್ನು ಹಸಿ ಇರುವಾಗಲೇ ಗೀರುತ್ತಾರೆ. ಮೂರೂ ಸೇರಿ ಸುಮಾರು 22 ಮಿಲಿಮೀಟರ್ ದಪ್ಪ.

ತೊಡಕಿರುವುದು ‘ವಾಟರ್‌ಪ್ರೂಫಿಂಗ್’ನಲ್ಲಿ. ‘ಜಲನಿರೋಧ’ ಅಂತ ಬರೆದರೆ ಓದಿದವರು ಏನು ಮಾಡುತ್ತಾರೆ ಹೇಳಿ? ಸೀಲೆಂಟ್ (ಸಂದು ಮುಚ್ಚುವ ಅಂಟು) ಟ್ಯೂಬು ಹಿಡಿದು ಚೌಕಟ್ಟಿನ ನಾಲ್ಕೂ ಕಡೆ ಮೆತ್ತಿಬಿಡುತ್ತಾರೆ. ಕೆಲಸ ಕೆಡುವುದೇ ಅಲ್ಲಿ. ಗಾರೆ ನೀರು ಹೀರುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಇಳಿಯುವ ಬಿರುಕಿನಿಂದಲೂ ಒಂದಿಷ್ಟು ಒಳಗೆ ಹೋಗುತ್ತದೆ. ಹೋದ ನೀರು ಗಾರೆಯ ಹಿಂದೆ ಗೋಡೆಗೆ ಹೊದಿಸಿದ, ನೀರು ತಡೆಯುವ ಕಾಗದದ ಮೇಲೆ ಇಳಿದು ಹೊರಗೆ ಬರಬೇಕು. ಅದಕ್ಕೇ ಕಿಟಕಿ ಕೂರಿಸುವಾಗ ಚೌಕಟ್ಟಿನ ಅಂಚಿನ ಹಿಂಬದಿಗೆ ಮೇಲೆ ಮತ್ತು ಪಕ್ಕಗಳಲ್ಲಿ ಮಾತ್ರ ಸೀಲೆಂಟ್ ಹಾಕಿ, ಕೆಳಗೆ ಬಿಟ್ಟಿರುತ್ತಾರೆ. ಆ ದಾರಿ ಮುಚ್ಚಿದರೆ ಮರ ಒಳಗೊಳಗೇ ಕೊಳೆಯುತ್ತದೆ, ಹೊಸ ಗಾರೆಯೂ ಉಳಿಯಲ್ಲ.

ಹಾಗಾಗಿ ‘ತಡೆ’ ಬೇಡ, ಹರಿದು ಹೋಗುವುದು ಕಾಣುವ ಮಾತು ಬೇಕು. ಫ್ಲಾಶಿಂಗ್‌ಗೆ ಸದ್ಯಕ್ಕೆ ‘ನೀರಿಳಿ ಪಟ್ಟಿ’ ಅಂತ ಇಟ್ಟುಕೊಂಡಿದ್ದೇನೆ. ಮೊದಲು ಕೆಳಗಿನ ಪಟ್ಟಿ, ಆಮೇಲೆ ಪಕ್ಕದವು, ಕೊನೆಗೆ ಮೇಲಿನದು. ಹೆಂಚು ಹೊದಿಸಿದ ಹಾಗೆ ಮೇಲಿನದು ಕೆಳಗಿನದನ್ನು ಮುಚ್ಚಿಕೊಂಡಿರಬೇಕು. ಒಂದು ಕಡೆ ತಿರುವುಮುರುವಾದರೂ ನೀರು ಕಾಗದದ ಹಿಂದೆ ನುಗ್ಗುತ್ತದೆ. ಕೆಳಗಿನ ಪಟ್ಟಿಯ ತುದಿ ಕೆಳಗಿನ ಕಾಗದದ ಮೇಲೆಯೇ ಬೀಳಬೇಕು. ರಿಪೇರಿಯಲ್ಲಿ ಜಾಸ್ತಿ ತಪ್ಪುವುದು ಇಲ್ಲೇ, ಯಾಕೆಂದರೆ ಹಳೇ ಕಾಗದ ಹುಡುಕಲು ಇನ್ನಷ್ಟು ಗಾರೆ ಒಡೆಯಬೇಕು. ಯಾರಿಗೆ ಬೇಕು ಅಂತ ಸುಮ್ನೆ ಮೇಲೆ ಮೆತ್ತಿ ಕೈತೊಳೆದುಕೊಳ್ಳುತ್ತಾರೆ.

ಇನ್ನು ಹೊಸ್ತಿಲ ಅಡಿಯ ‘ಸಿಲ್ ಪ್ಯಾನ್’. ಅದರ ಒಳ ಅಂಚು ಎದ್ದಿರುತ್ತದೆ, ಎರಡೂ ತುದಿ ಮೇಲಕ್ಕೆ ಮಡಿಚಿರುತ್ತವೆ, ಹೊರಗಡೆ ಮಾತ್ರ ತೆರೆದಿರುತ್ತದೆ. ‘ತಟ್ಟೆ’ ಅಂದರೆ ನೀರು ಅಲ್ಲೇ ನಿಲ್ಲುತ್ತದೆ ಅನ್ನಿಸುತ್ತೆ, ಅಲ್ವಾ? ‘ದೋಣಿ’ ಅನ್ನೋಣವೆಂದರೆ ಅದು ಸೂರಿನಡಿಯದು, ಅದರಲ್ಲಿ ನೀರು ಉದ್ದಕ್ಕೆ ಹರಿಯುತ್ತದೆ. ಇಲ್ಲಿ ಮುಂದಕ್ಕೆ ಇಳಿಯಬೇಕು. ಇಳಿಜಾರಿಗೆ ಗಾರೆಯವರು ‘ವಾಟ’ ಅನ್ನುತ್ತಾರೆ. ಅದನ್ನೇ ಹಿಡಿದು ‘ವಾಟದ ತಟ್ಟೆ’ ಅಂದರೆ ಕಿವಿಗೆ ಒಗ್ಗುತ್ತದೆಯೇ? ಕೆಲಸದವರ ಬಾಯಲ್ಲಿ ಬೇರೆ ಮಾತು ಕೇಳಿದ್ದರೆ ತಿಳಿಸಿ, ಅದನ್ನೇ ಹಾಕುತ್ತೇನೆ.