ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಲ್ಲಿ ರೀಮೆಶ್ ಮಾಡಿದ ಕೂಡ್ಲೆ ತುಟಿ ಎರಡೂ ಅಂಟ್ಕಳ್ತದೆ, ಎಂತ ಮಾಡೋದು?

ಪ್ರಶ್ನೆ (ಶಿರಸಿ):
ನಮಸ್ಕಾರ. ನಮ್ಮೂರ ಹೋಳಿ ಬೇಡರ ವೇಷದ್ದು (ಬೇಡನ ವೇಷ ಕಟ್ಟಿ ಆರ್ಭಟಿಸಿ ಕುಣಿಯೋದು) ಒಂದು ಸಣ್ಣ ಅನಿಮೇಷನ್ ಮಾಡ್ಬೇಕು ಅಂತ ಬ್ಲೆಂಡರಲ್ಲಿ ಮುಖ ಸ್ಕಲ್ಪ್ಟ್ ಮಾಡ್ತಾ ಇದ್ದೆ. ಹುಬ್ಬು, ಮೂಗು, ಮೀಸೆ ಎಲ್ಲ ಚೆಂದ ಬಂತು, ಆದ್ರೆ ಕಂಟ್ರೋಲ್ ಆರ್ ಒತ್ತಿ ವಾಕ್ಸೆಲ್ ರೀಮೆಶ್ (ಮೇಲ್ಮೈಯ ಜಾಲ ಹೊಸದಾಗಿ ಕಟ್ಟೋದು) ಕೊಟ್ಟ ಕೂಡ್ಲೆ ಮೇಲ್ತುಟಿ ಕೆಳತುಟಿ ಸೇರಿ ಒಂದೇ ಗಡ್ಡೆ ಆಗ್ತದೆ, ಅದು ಬೇಡ ಅಂತ ಡೈನ್‌ಟೋಪೋದಲ್ಲೇ (ಬ್ರಷ್ ಹೋದಲ್ಲಿ ಮಾತ್ರ ಜಾಲ ಬದಲಾಗೋ ಮೋಡ್) ಮುಂದುವರಿಸಿದ್ರೆ ತುಟಿ ಉಳೀತದೆ, ಆದ್ರೆ ದವಡೆಗೆ ಬೋನ್ (ಅಲುಗಾಡಿಸೋ ಮೂಳೆ) ಹಾಕಿ ಬಾಯಿ ತೆರೆಸಿದ್ರೆ ಕೆನ್ನೆ ಎಲ್ಲಾ ಚೂರುಚೂರು ಮಡಚಿಕೊಳ್ತದೆ. ಬ್ರಷ್ ಕೂಡ ಒಂದು ಕಡೆಗೆ ಎಳೆದ ಹಾಗೆ ಉದ್ದುದ್ದ ಬೀಳ್ತಾ ಇದೆ. ಆ ವೇಷದ ಜೀವ ಇರೋದೇ ಆರ್ಭಟದಲ್ಲಿ ಮಾರಾಯ್ರೆ, ಬಾಯಿ ಸರಿಯಾಗಿ ತೆರೀದೇ ಇದ್ರೆ ಉಳಿದದ್ದು ಎಂತಕ್ಕೆ?

ಉತ್ತರ (ಕುಮಟಾ):
ಬ್ರಷ್ದು ಸುಲಭ. ಆಬ್ಜೆಕ್ಟ್ ಮೋಡಲ್ಲಿ ಎನ್ ಒತ್ತಿ ಸ್ಕೇಲ್ ನೋಡಿ, ಎಕ್ಸ್ ವೈ ಝಡ್ ಮೂರೂ ಒಂದೇ ಇರೋದಿಲ್ಲ, ಕಂಟ್ರೋಲ್ ಎ ಕೊಟ್ಟು ಸ್ಕೇಲ್ ಅಪ್ಲೈ ಮಾಡಿ.

ತುಟಿ ವಿಷಯಕ್ಕೆ ಬಂದ್ರೆ, ವಾಕ್ಸೆಲ್ ರೀಮೆಶ್ ಹಳೇ ಮೆಶ್ಶನ್ನ (ಜಾಲವನ್ನ) ಇಟ್ಕಳೋದೇ ಇಲ್ಲ, ಇಡೀ ಆಕಾರವನ್ನ ಸಣ್ಣ ಸಣ್ಣ ಘನಗಳಲ್ಲಿ ಅಳೆದು ಮೇಲ್ಮೈ ಹೊಸದಾಗಿ ಕಟ್ತದೆ. ತುಟಿ ನಡುವಿನ ಸಂದು ಆ ಘನಕ್ಕಿಂತ ಕಿರಿದಾದ್ರೆ ಅದಕ್ಕೆ ಸಂದು ಅಂತ ಗೊತ್ತೇ ಆಗೋದಿಲ್ಲ. ಆರ್ ಒತ್ತಿ ವಾಕ್ಸೆಲ್ ಸೈಜ್ ಇಳಿಸ್ಬಹುದು, ಆದ್ರೆ ಸೈಜ್ ಅರ್ಧ ಮಾಡಿದ್ರೆ ಫೇಸ್ (ಜಾಲದ ಒಂದೊಂದು ಚೂರು) ಸಂಖ್ಯೆ ಹೆಚ್ಚುಕಮ್ಮಿ 4 ಪಟ್ಟು ಆಗ್ತದೆ, ಲ್ಯಾಪ್‌ಟಾಪ್ ತಡೀಬೇಕಲ್ಲ. ಅದಕ್ಕಿಂತ ಬಾಯಿಯನ್ನ ಶುರುವಿನಿಂದಲೇ ಸ್ವಲ್ಪ ತೆರೆದಿಟ್ಟು ಕೆತ್ತಿ, ಒಳಗಿನ ಪೊಳ್ಳನ್ನೂ ಆಗಲೇ ಮಾಡಿ, ಹಲ್ಲು ನಾಲಿಗೆ ಬೇರೆ ಆಬ್ಜೆಕ್ಟ್ ಇರ್ಲಿ.

ಕೆನ್ನೆ ಮುರಿಯೋದು ಮಾತ್ರ ಬ್ರಷ್ಷಿಂದ ಸರಿಹೋಗೋ ವಿಷಯ ಅಲ್ಲ. ಡೈನ್‌ಟೋಪೋ ಬ್ರಷ್ ಹೋದಲ್ಲೆಲ್ಲ ದಿಕ್ಕಿಲ್ಲದ ತ್ರಿಕೋನ ಹುಟ್ಟಿಸ್ತದೆ, ಕೆತ್ತೋಕೆ ಅದು ಬಹಳ ಒಳ್ಳೇದು, ಆದ್ರೆ ಅನಿಮೇಷನ್ನಿಗೆ ರೀಟೋಪಾಲಜಿ ಮಾಡ್ಲೇಬೇಕು. ಅಂದ್ರೆ ಸ್ನ್ಯಾಪನ್ನ (ಹೊಸ ಬಿಂದು ಮೇಲ್ಮೈಗೆ ಅಂಟೋ ಸೆಟ್ಟಿಂಗ್) ಫೇಸಿಗೆ ಇಟ್ಟು ಸ್ಕಲ್ಪ್ಟ್ ಮೇಲೇ ಹೊಸ ಚೌಕದ ಮೆಶ್ ಎಳೀರಿ: ತುಟಿ ಸುತ್ತ ಉಂಗುರುಂಗುರ ಲೂಪ್ (ಚೌಕಗಳ ಸಾಲು), ಕಣ್ಣಿನ ಸುತ್ತ ಹಾಗೇ, ಮೂಗಿನ ಪಕ್ಕದಿಂದ ಬಾಯಿ ಬಳಸಿ ಗಲ್ಲಕ್ಕೆ ಇಳಿಯೋ ಲೂಪಂತೂ ಬಿಡ್ಲೇಬೇಡಿ, ಬಾಯಿ ತೆರೆದಾಗ ಕೆನ್ನೆ ಮಡಿಕೆ ಬೀಳೋದು ಅಲ್ಲೇ. ಬ್ಲೆಂಡರೇ ತಾನಾಗಿ ಮಾಡೋ ಕ್ವಾಡ್ರಿಫ್ಲೋ ರೀಮೆಶ್ ಚೌಕ ಕೊಡ್ತದೆ, ಆದ್ರೆ ಈ ಲೂಪ್ ನಿಮಗೆ ಬೇಕಾದಲ್ಲೇ ಬೀಳ್ತದೆ ಅಂತ ಭರವಸೆ ಇಲ್ಲ, ಮುಖ ಕೈಯಲ್ಲೇ ಮಾಡಿ.

ಉತ್ತರ (ಕಾರವಾರ):
ಇನ್ನೊಂದು ಸೇರಿಸ್ತೆ. ಹೊಸ ಮೆಶ್ ಆದ್ಮೇಲೆ ಮಲ್ಟಿರೆಸ್ (ಮೆಶ್ಶನ್ನ ಸಣ್ಣದಾಗಿ ಒಡೆಯೋ ಮಾಡಿಫೈಯರ್), ಅದರ ಮೇಲೆ ಶ್ರಿಂಕ್‌ರ‍್ಯಾಪ್ (ಹಳೇ ಆಕಾರಕ್ಕೆ ಅಂಟಿಸೋದು) ಹಾಕಿ ಅಪ್ಲೈ ಮಾಡಿದ್ರೆ ಹಳೇ ಸ್ಕಲ್ಪ್ಟಿನ ಸುಕ್ಕು ಗೆರೆ ಎಲ್ಲಾ ವಾಪಸ್ ಬರ್ತದೆ. ಇಲ್ಲಾಂದ್ರೆ ನಾರ್ಮಲ್ ಮ್ಯಾಪ್ (ಉಬ್ಬುತಗ್ಗು ಇದ್ದ ಹಾಗೆ ತೋರಿಸೋ ಚಿತ್ರ) ಬೇಕ್ ಮಾಡಿ. ವೇಷದ ಬೆನ್ನಿಗೆ ಕಟ್ಟೋ ನವಿಲುಗರಿ ಕೆತ್ತೋಕೆ ಹೋಗ್ಬೇಡಿ, ಚಪ್ಪಟೆ ಪ್ಲೇನಿಗೆ ಟೆಕ್ಸ್ಚರ್ ಸಾಕು.

ಪ್ರಶ್ನೆ (ಶಿರಸಿ):
ಸ್ಕೇಲ್ ಅಪ್ಲೈ ಮಾಡ್ದೆ, ಬ್ರಷ್ ಸರಿಯಾಯ್ತು, ಥ್ಯಾಂಕ್ಸ್! ರೀಟೋಪೋ ಮಾಡೋವಾಗ ಮೀಸೆಯನ್ನೂ ಮುಖಕ್ಕೇ ಸೇರಿಸ್ಲಾ?

ಉತ್ತರ (ಕುಮಟಾ):
ಬೇಡ, ಬೇರೆ ಇಡಿ. ಮೀಸೆಗೆ ಸರ್ಫೇಸ್ ಡಿಫಾರ್ಮ್ ಮಾಡಿಫೈಯರ್ ಹಾಕಿ ಹೊಸ ಮುಖಕ್ಕೆ ಬೈಂಡ್ ಮಾಡಿ, ತುಟಿ ಹೋದ ಹಾಗೆ ಮೀಸೆ ಹೋಗ್ತದೆ. ಬೈಂಡ್ ಮಾಡಿದ ಮೇಲೆ ಮುಖದ ಮೆಶ್ಶಲ್ಲಿ ವರ್ಟೆಕ್ಸ್ (ಜಾಲದ ಬಿಂದು) ಸೇರಿಸೋದು ತೆಗೆಯೋದು ಮಾಡಿದ್ರೆ ಪುನಃ ಬೈಂಡ್ ಮಾಡ್ಬೇಕಾಗ್ತದೆ, ಹಾಗಾಗಿ ಲೂಪ್ ಎಲ್ಲ ಮುಗಿದ ಮೇಲೇ ಮಾಡಿ.