ಪುರಸಭೆ ವಾರ್ಡ್: ಮನೆಮನೆ ಪ್ರಚಾರಕ್ಕೆ ಪಟ್ಟಿ ಹಂಚೋದು ಹೇಗೆ?

ಪ್ರಶ್ನೆ: ವಾರ್ಡಲ್ಲಿ 900 ಮತದಾರರು, ಓಡಾಡೋಕೆ ಎಂಟು ಜನ. ಎಷ್ಟು ದಿನ ಹಿಡಿಯುತ್ತೆ?

ಉತ್ತರ 1: ಇಬ್ಬಿಬ್ಬರ ನಾಲ್ಕು ತಂಡ ಮಾಡಿ. ಒಬ್ಬರು ಮಾತಾಡಲಿ, ಒಬ್ಬರು ಬರೀಲಿ. ಮತದಾರರ ಪಟ್ಟಿಯನ್ನ ಕ್ರಮಸಂಖ್ಯೆ ಪ್ರಕಾರ ಹರಿದು ಹಂಚಬೇಡಿ. ಅದರ ಮನೆ ನಂಬರು ಬೀದಿಗೆ ಎಷ್ಟೋ ಕಡೆ ತಾಳೆ ಆಗಲ್ಲ. ಮೊದಲು ವಾರ್ಡ್ ಸುತ್ತಿ ಯಾವ ಮನೆ ಯಾವ ಬೀದೀಲಿದೆ ಅಂತ ಪಟ್ಟಿಯಲ್ಲಿ ಗುರುತು ಹಾಕಿ, ಬೀದಿವಾರು ಕೊಡಿ. ಸಂಜೆ 5ರಿಂದ 8ಕ್ಕೆ ತಂಡಕ್ಕೆ 25 ಮನೆ ದಾಟೋದು ಕಷ್ಟ. ಮನೆಗೆ ಮೂರು ಮತ ಅಂತ ಹಿಡಿದ್ರೆ 300 ಮನೆ, ನಾಲ್ಕು ತಂಡಕ್ಕೆ ಮೂರು ಸಂಜೆ ಬೇಕು; ಬೀಗ ಹಾಕಿದ ಮನೆಗಳಿಗೆ ಭಾನುವಾರ ಬೆಳಿಗ್ಗೆ ಹೋಗಿ. ಹೆಸರಿನ ಮುಂದೆ ‘ನಮ್ಮವರು’, ‘ಡೋಲಾಯಮಾನ’, ‘ಬೇರೆಯವರು’, ‘ಊರಲ್ಲಿಲ್ಲ’ ಅಂತ ಅಲ್ಲೇ ಬರೀರಿ. ‘ನೋಡೋಣ ಬಿಡಿ’ ಅಂದೋರನ್ನ ನಮ್ಮವರ ಲೆಕ್ಕಕ್ಕೆ ಸೇರಿಸೋದೇ ದೊಡ್ಡ ತಪ್ಪು.

ಉತ್ತರ 2: ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು-ವಿಳಾಸ ಇದೆಯಾ ನೋಡ್ಕೊಳ್ಳಿ. ಮತದಾರರ ಚೀಟಿ ಬಿಳಿ ಹಾಳೆಯದ್ದಿರಲಿ, ಚಿಹ್ನೆ ಬೇಡ.

ಉತ್ತರ 3: ಗ್ರಾಮ ಪಂಚಾಯಿತಿಗೆ ಇದೇ ಕರಪತ್ರ ಒಯ್ಯಬೇಡಿ, ಅಲ್ಲಿ ಪಕ್ಷದ ಚಿಹ್ನೆ ಇಲ್ಲ.