2026ರ ಏಪ್ರಿಲ್‌ಗೆ ಬರೋ ಹೊಸ ಉಬುಂಟು ನಮ್ಮಪ್ಪನ ಕೈಗೆ ಒಗ್ಗತ್ತಾ?

ಪೇಟೆ_ಡಿಟಿಪಿ:

ಎಲ್ರಿಗೂ ನಮಸ್ಕಾರ. ಚಾಮರಾಜಪೇಟೇಲಿ ನಮ್ದೊಂದು ಸಣ್ಣ ಡಿಟಿಪಿ ಅಂಗಡಿ ಇದೆ, ಅರ್ಜಿ ಟೈಪಿಂಗು, ಜೆರಾಕ್ಸು, ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಇಷ್ಟೇ ಕೆಲಸ. ಹಗಲೆಲ್ಲಾ ಅಪ್ಪ ಕೂರ್ತಾರೆ, ಆಫೀಸ್ ಮುಗಿಸಿ ಬಂದ್ಮೇಲೆ ನಾನು. ಸಿಸ್ಟಮ್ಮು ಏಳನೇ ಜನರೇಷನ್ ಐ5, ಎಂಟು ಜಿಬಿ ರ‍್ಯಾಮು, ಎಸ್‌ಪಿ ರೋಡಿಂದ ಎಸ್‌ಎಸ್‌ಡಿ ತಂದು ಹಾಕಿದ್ಮೇಲೆ ಯಾವ ತಕರಾರೂ ಇಲ್ದೆ ಓಡ್ತಿದೆ. ಆದ್ರೆ ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, 11ಕ್ಕೆ ಈ ಪ್ರೊಸೆಸರ್ ಲಿಸ್ಟಲ್ಲೇ ಇಲ್ಲ. ಚೆನ್ನಾಗಿರೋ ಮಿಷಿನ್ನ ಗುಜರಿಗೆ ಹಾಕಕ್ಕೆ ಮನಸ್ಸು ಬರ್ತಿಲ್ಲ.

ಅದಕ್ಕೇ ಏಪ್ರಿಲ್ಲಲ್ಲಿ ಬರೋ ಉಬುಂಟು 26.04ಗೆ (ವಿಂಡೋಸ್ ಬದಲು ಹಾಕ್ಕೊಳ್ಳೋ ಲಿನಕ್ಸ್ ಸಿಸ್ಟಮ್ಮು) ಕಾಯ್ತಾ ಇದೀನಿ, ಎಲ್‌ಟಿಎಸ್, ಅಂದ್ರೆ ಲಾಂಗ್ ಟರ್ಮ್ ಸಪೋರ್ಟು, ಐದು ವರ್ಷ ತಲೆನೋವಿಲ್ಲ ಅಂತ. ಸ್ಕ್ರೀನ್‌ಶಾಟು, ಯೂಟ್ಯೂಬ್ ವಿಡಿಯೋ ಎಲ್ಲಾ ನೋಡ್ದೆ, ನಂಗಂತೂ ಸಖತ್ ಇಷ್ಟ ಆಯ್ತು, ನೀಟಾಗಿದೆ. ಆದ್ರೆ ಅಪ್ಪಂಗೆ ಫೋನಲ್ಲಿ ತೋರ್ಸಿದ್ರೆ ಕನ್ನಡಕ ಹಣೆ ಮೇಲೆತ್ತಿ ಒಂದು ನಿಮಿಷ ನೋಡಿ ಕೇಳಿದ್ದು ಒಂದೇ ಮಾತು, "ಇದ್ರಲ್ಲಿ ಒತ್ತೋದು ಯಾವ್ದಮ್ಮಾ, ಬರೀ ಓದೋದು ಯಾವ್ದು?" ನಂಗೆ ಉತ್ತರ ಹೊಳೀಲಿಲ್ಲ. ಯಾರಾದ್ರೂ ವಯಸ್ಸಾದವರ ಕೈಗೆ ಇದನ್ನ ಕೊಟ್ಟಿದೀರಾ?

ಹಳೇ_ಪೆಂಗ್ವಿನ್:

ನಿಮ್ಮ ತಂದೆ ಕೇಳಿದ್ದು ಸರಿಯಾದ ಪ್ರಶ್ನೆ ಮೇಡಂ. ಈಗೆಲ್ಲಾ ಬಟನ್ನಿಗೆ ಅಂಚೂ ಇಲ್ಲ ಉಬ್ಬೂ ಇಲ್ಲ, ಬರೀ ಬೂದಿ ಬಣ್ಣದ ಚೌಕ, ಮೌಸ್ ಹತ್ರ ತಗೊಂಡು ಹೋದ್ರೆ ಮಾತ್ರ ಅದು ಬಟನ್ ಅಂತ ಗೊತ್ತಾಗೋದು. ವಿಂಡೋಸ್ 95ರಲ್ಲಿ ಸ್ಟಾರ್ಟ್ ಬಟನ್ ಮೇಲೆ ಸ್ಟಾರ್ಟ್ ಅಂತಾನೇ ಬರ್ದಿತ್ತು, ಒತ್ತಿದ್ರೆ ಒಳಗೆ ಹೋದಂಗೆ ಕಾಣ್ತಿತ್ತು, ಯಾರಿಗೂ ಹೇಳಿಕೊಡೋ ಅಗತ್ಯ ಇರಲಿಲ್ಲ. 2012ರಲ್ಲಿ ವಿಂಡೋಸ್ 8ಗೆ ಬರೋ ಹೊತ್ತಿಗೆ ಆ ಬಟನ್ನೇ ತೆಗೆದ್ರು, ಮುಂದಿನ ವರ್ಷವೇ 8.1ರಲ್ಲಿ ವಾಪಸ್ ತಂದಿಡ್ಬೇಕಾಯ್ತು.

ಉಬುಂಟುನೂ ಏನ್ ಕಮ್ಮಿ ಇಲ್ಲ ಬಿಡಿ. 2010ರಲ್ಲಿ 10.04 ಹಾಕ್ಕೊಂಡಾಗ ಕ್ಲೋಸ್ ಬಟನ್ ಬಲಗಡೆಯಿಂದ ಎಡಗಡೆಗೆ ಹೋಗಿಬಿಟ್ಟಿತ್ತು, ಒಂದು ತಿಂಗಳು ನನ್ನ ಕೈ ಬಲಕ್ಕೇ ಹೋಗಿ ಬರ್ತಿತ್ತು. ಆಮೇಲೆ 11.04ರಲ್ಲಿ ಯೂನಿಟಿ ಅನ್ನೋ ಹೊಸ ಡೆಸ್ಕ್‌ಟಾಪ್ ಬಂತು, ಮೊದ್ಲು ಬೈದೆ, ನಿಧಾನಕ್ಕೆ ಅಭ್ಯಾಸ ಆಯ್ತು, ಅಭ್ಯಾಸ ಆಯ್ತು ಅನ್ನೋ ಹೊತ್ತಿಗೆ 2017ರಲ್ಲಿ ಅದನ್ನೂ ಕೈಬಿಟ್ಟು ಗ್ನೋಮ್ ಅನ್ನೋ ಇನ್ನೊಂದು ಡೆಸ್ಕ್‌ಟಾಪಿಗೆ ಹೋದ್ರು, 17.10ರಲ್ಲಿ ಬಟನ್ನೂ ಬಲಕ್ಕೆ ವಾಪಸ್. ಏಳು ವರ್ಷ ಎಡಕ್ಕೆ ಪಳಗಿಸಿದ ಕೈಯನ್ನ ಮತ್ತೆ ಬಲಕ್ಕೆ ಪಳಗಿಸ್ಬೇಕಾಯ್ತು! ಇದನ್ನ ಯಾಕೆ ಹೇಳ್ದೆ ಅಂದ್ರೆ ಸ್ಕ್ರೀನ್‌ಶಾಟಲ್ಲಿ ಇಂಥದ್ದು ಕಾಣಲ್ಲ. ಚಿತ್ರ ನೋಡೋದು ಕಣ್ಣು, ದಿನಾ ಕೆಲಸ ಮಾಡೋದು ಕೈ.

ಇನ್ನೊಂದು, ಮೂಲೆ ಯಾವಾಗ್ಲೂ ಸುಲಭದ ಜಾಗ. ಮೌಸ್ನ ಕಣ್ಮುಚ್ಚಿ ತಳ್ಳಿದ್ರೂ ಮೂಲೇಲಿ ಹೋಗಿ ನಿಲ್ಲತ್ತೆ, ಆಚೆ ಹೋಗಕ್ಕೆ ಜಾಗವೇ ಇಲ್ವಲ್ಲ. ದೊಡ್ಡದಿದ್ದು ಹತ್ತಿರ ಇದ್ರೆ ಬೇಗ ಮುಟ್ಟಬಹುದು ಅಂತ ಫಿಟ್ಸ್ ಅನ್ನೋ ಮನಶ್ಶಾಸ್ತ್ರಜ್ಞ 1954ರಲ್ಲೇ ಲೆಕ್ಕ ಹಾಕಿ ತೋರ್ಸಿದಾರೆ. ವಿಂಡೋಸ್ 11ರಲ್ಲಿ ಸ್ಟಾರ್ಟ್ ಬಟನ್ನ ಮೂಲೆಯಿಂದ ಎತ್ತಿ ನಡುವೆ ತಂದಿಟ್ರು, ಆ್ಯಪ್ ಒಂದೊಂದು ತೆಗೆದಂಗೂ ಅದು ಪಕ್ಕಕ್ಕೆ ಸರಿಯತ್ತೆ. ಸೆಟ್ಟಿಂಗ್ಸಲ್ಲಿ ಎಡಕ್ಕೆ ಹಾಕ್ಕೋಬಹುದು, ಅದು ಬೇರೆ ಮಾತು.

ಗಾಜಿನಮನೆ_ಗುರು:

ನಾನು ಮ್ಯಾಕ್ ಗಿರಾಕಿ, ಆದ್ರೂ ಬಾಯಿ ಹಾಕ್ತೀನಿ. 2025ರ ಸೆಪ್ಟೆಂಬರಲ್ಲಿ ಬಂದ ಮ್ಯಾಕ್‌ಒಎಸ್ ಟಾಹೋಗೆ ನಾನೂ ಹಿಂಗೇ ಜೂನಿಂದ ಕಾಯ್ತಿದ್ದೆ. ಲಿಕ್ವಿಡ್ ಗ್ಲಾಸು ಅನ್ನೋ ಹೊಸ ರೂಪ, ಎಲ್ಲಾ ಗಾಜು, ಡೆಮೋ ವಿಡಿಯೋ ನೋಡಿದ್ರೆ ಆಹಾ. ಬಳಸಕ್ಕೆ ಕೂತ್ರೆ ಮೆನು ಹಿಂದೆ ವಾಲ್‌ಪೇಪರು, ಅಕ್ಷರದ ಹಿಂದೆ ಇನ್ನೊಂದು ಅಕ್ಷರ. ಲಾಲ್‌ಬಾಗಲ್ಲಿ ಗಾಜಿನ ಮನೆ ಚೆಂದ ಯಾಕಂದ್ರೆ ಒಳಗಡೆ ಹೂವಿರತ್ತೆ, ಹಾಗಂತ ಗೇಟ್ ಹತ್ರ ಇರೋ ಬೋರ್ಡನ್ನೂ ಗಾಜಲ್ಲೇ ಮಾಡಿಟ್ರೆ ಓದೋದು ಹೆಂಗೆ ಗುರು? ಕೊನೆಗೆ ಮ್ಯಾಕ್‌ಒಎಸ್ 26.1ರಲ್ಲಿ ಗಾಜಿಗೆ ಸ್ವಲ್ಪ ಬಣ್ಣ ಬಳಿಯೋ ಆಪ್ಷನ್ ಕೊಟ್ರು. 2007ರಲ್ಲಿ ವಿಂಡೋಸ್ ವಿಸ್ಟಾದ ಏರೋ ಗಾಜು ನೋಡಿದವ್ರಿಗೆ ಇದೆಲ್ಲಾ ಹೊಸದೇನಲ್ಲ. ಆ ಲೆಕ್ಕದಲ್ಲಿ ಉಬುಂಟು ಸಪ್ಪೆ ಇದ್ರೂ ಓದಕ್ಕಂತೂ ಆಗತ್ತೆ.

ಮಿಂಟ್_ಮಾಮ:

ಕಾಯೋದ್ಯಾಕೆ? ಉಬುಂಟು ಥರದ್ದೇ ಇನ್ನೊಂದು, ಲಿನಕ್ಸ್ ಮಿಂಟ್ 22 ಹಾಕಿ, ಸಿನಮನ್ ಡೆಸ್ಕ್‌ಟಾಪಿಂದು. ಕೆಳಗೆ ಪಟ್ಟಿ, ಎಡ ಮೂಲೇಲಿ ಮೆನು, ಗಡಿಯಾರ ಬಲಕ್ಕೆ. 2029ರ ತನಕ ಸಪೋರ್ಟು. ಅಪ್ಪಂಗೆ ಬದಲಾಯ್ಸಿದ್ದೇ ಗೊತ್ತಾಗಲ್ಲ.

ಒತ್ತಕ್ಷರ:

ಅಕ್ಕ, ಹಾಕೋದಕ್ಕೆ ಮುಂಚೆ ಪೆನ್‌ಡ್ರೈವಿಂದ ಲೈವ್ ಬೂಟ್ ಮಾಡಿ ನೋಡಿ, ಅಂದ್ರೆ ಇನ್‌ಸ್ಟಾಲ್ ಮಾಡ್ದೇ ಓಡ್ಸಿ, ಡಿಸ್ಕಿಗೆ ಏನೂ ಆಗಲ್ಲ. 26.04 ಬರೋ ತನಕ ಅದರ ಹಿಂದಿನ 25.10 ಸಾಕು, ರೂಪ ಹೆಚ್ಚೂಕಮ್ಮಿ ಅದೇ ಇರತ್ತೆ. ಅಪ್ಪನ್ನ ಕೂರ್ಸಿ ಒಂದು ನಿಜವಾದ ಲಗ್ನಪತ್ರಿಕೆ ಮಾಡ್ಸಿ, ನೀವು ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂತಿರಿ (ಇದೇ ಕಷ್ಟದ ಕೆಲಸ). ಕೀಬೋರ್ಡ್ ಸೆಟ್ಟಿಂಗಲ್ಲಿ ಕನ್ನಡದ ಕೆಳಗೆ ಕಗಪ ಕೀಲಿಮಣೆ ವಿನ್ಯಾಸ ಸಿಗತ್ತೆ, ಒತ್ತಕ್ಷರಕ್ಕೆ ಎಫ್ ಒತ್ತೋದು ನುಡೀಲಿದ್ದಂಗೇ.

ನಾನು ಯಾವ ಇಂಟರ್ಫೇಸ್ ಬಂದ್ರೂ ಮಾಡೋ ಪರೀಕ್ಷೆ ಒಂದೇ, "ಲಕ್ಷ್ಮಿ ರಾಷ್ಟ್ರೀಯ ಸ್ತ್ರೀ" ಅಂತ ಒಂದು ಫೋಲ್ಡರಿಗೆ ಹೆಸರಿಡೋದು. ಇಂಗ್ಲಿಷ್ ಅಕ್ಷರದ ಎತ್ತರ ನೋಡ್ಕೊಂಡು ಬಾಕ್ಸ್ ಅಳತೆ ಮಾಡಿದ್ರೆ ನಮ್ಮ ಎರಡನೇ ಒತ್ತು ಕೆಳಗೆ ಕಟ್ ಆಗತ್ತೆ, ಸ್ತ್ರೀಯಲ್ಲಿರೋ ರ ಒತ್ತೇ ಮಾಯ. ಡಿಸೈನ್ ಬಗ್ಗೆ ಗಂಟೆಗಟ್ಲೆ ಮಾತಾಡೋ ರಿವ್ಯೂಗಳಲ್ಲಿ ಇದನ್ನ ನೋಡಿದ್ದೇ ಇಲ್ಲ ನಾನು. ಕಟ್ ಆದ್ರೆ ಫಾಂಟ್ ಬದಲಾಯ್ಸಿ ನೋಡಿ, ಗುಬ್ಬಿ, ನವಿಲು ಎರಡೂ ಉಬುಂಟು ರೆಪಾಸಿಟರೀಲೇ (ಅದರದ್ದೇ ಸಾಫ್ಟ್‌ವೇರ್ ಸಂಗ್ರಹ) ಇವೆ.

ಮುಖ್ಯವಾದ ಮಾತು ಈಗ. ಕಾರ್ಡು ಡಿಸೈನ್ ಮಾಡೋ ಪೇಜ್‌ಮೇಕರು, ಕೋರೆಲ್ಲು ಲಿನಕ್ಸಲ್ಲಿ ನೇರವಾಗಿ ಓಡಲ್ಲ. ನುಡಿ ಫಾಂಟಲ್ಲಿ ಮಾಡಿದ ಹಳೇ ಫೈಲು ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ದೇ ತೆಗೆದ್ರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್ ಗುರುತಿನ ಮೆರವಣಿಗೆ ಬರತ್ತೆ. ಗಾಬರಿ ಬೀಳ್ಬೇಡಿ, ಫಾಂಟ್ ಕಾಪಿ ಮಾಡಿದ್ರೆ ಸರಿಹೋಗತ್ತೆ.

ಪೇಟೆ_ಡಿಟಿಪಿ:

ಭಾನುವಾರ ಅಂಗಡಿ ಅರ್ಧ ಬಾಗ್ಲು ಹಾಕ್ಕೊಂಡು ಮಾಡಿ ನೋಡಿದ್ವಿ. ಬರೀತೀನಿ, ಸ್ವಲ್ಪ ಉದ್ದ ಆದ್ರೆ ಬೇಜಾರಾಗ್ಬೇಡಿ.

ಕೂತ ತಕ್ಷಣ ಅಪ್ಪನ ಕೈ ಎಡಗಡೆ ಕೆಳಗಿನ ಮೂಲೆಗೇ ಹೋಯ್ತು. ಪುಣ್ಯಕ್ಕೆ ಅಲ್ಲೇ ಆ್ಯಪ್ ತೋರ್ಸೋ ಐಕಾನ್ ಇತ್ತು! ನಂಗೆ ಖುಷಿ, ಆದ್ರೆ ಒತ್ತಿದ್ ಕೂಡ್ಲೇ ಪರದೆ ತುಂಬಾ ಐಕಾನ್ ಹರಡಿಕೊಂಡು ಟೈಪ್ ಮಾಡ್ತಿದ್ದ ಕಾರ್ಡು ಅಂಗೈಯಷ್ಟಾಗಿ ಮೇಲೆ ಹೋಯ್ತು. "ಅಯ್ಯೋ, ನನ್ ಕಾರ್ಡೆಲ್ಲೋಯ್ತು" ಅಂತ ಮೌಸ್ ಬಿಟ್ಟು ಕೈ ಎತ್ತಿಬಿಟ್ರು. ಒಂದು ಮೆನು ತೆಗೆಯಕ್ಕೆ ಇಡೀ ಪರದೆ ಯಾಕೆ ಬೇಕು ಅಂತ ನಂಗೂ ಈಗ ಅರ್ಥ ಆಗ್ತಿಲ್ಲ, ವಿಡಿಯೋದಲ್ಲಿ ಇದೇ ಅನಿಮೇಷನ್ ನೋಡಿ ವಾವ್ ಅಂದಿದ್ದು ನಾನೇ. ಮೂರನೇ ಸಲಕ್ಕೆ ಹೆದರಿಕೆ ಹೋಯ್ತು. ಐದನೇ ಸಲಕ್ಕೆ ಅದನ್ನ ಬಿಟ್ಟು ಪಕ್ಕದ ಐಕಾನ್ ಪಟ್ಟೀಲೇ (ಡಾಕ್) ಟೈಪ್ ಮಾಡೋ ರೈಟರ್ ಐಕಾನ್ ಇಟ್ಕೊಡು ಅಂದ್ರು, ಇಟ್ಟೆ, ಅಲ್ಲಿಗೆ ಆ ಮೆನು ಕಥೆ ಮುಗೀತು.

ಟೈಪಿಂಗಲ್ಲಿ ತೊಂದ್ರೇನೇ ಇಲ್ಲ, "ಚಿ॥ಕುಂ॥ಸೌ॥ ಲಕ್ಷ್ಮಿ" ಅಂತ ಕೀಬೋರ್ಡ್ ನೋಡ್ದೇ ಹೊಡೆದ್ರು. ಸೇವ್ ಮಾಡೋವಾಗ ಅಲ್ಲೇ ಸೇವ್ ಅಂತ ಬರ್ದಿರೋ ಬಟನ್ ಬಲಗಡೆ ಮೇಲಿತ್ತು, ಅವ್ರು ಕೆಳಗಡೆ ಹುಡುಕ್ತಾನೇ ಇದ್ರು. ನಾನು ಬಾಯಿ ಮುಚ್ಕೊಂಡೇ ಇದ್ದೆ, ಒತ್ತಕ್ಷರ ಅವರೇ, ನಿಮ್ಮಾಣೆ. ಸಿಕ್ಕಿದ್ಮೇಲೆ ಅವರಂದಿದ್ದು, "ಒಳ್ಳೇ ಅಂಗಡಿ ಕಣಮ್ಮ, ಆದ್ರೆ ಗಲ್ಲಾಪೆಟ್ಟಿಗೆ ಬಾಗ್ಲ ಮೇಲಿಟ್ಟಿದಾರೆ." ಫೋಲ್ಡರ್ ಹೆಸರಿನ ಒತ್ತು ಕಟ್ ಆಗ್ಲಿಲ್ಲ, ಆದ್ರೆ ಅಕ್ಷರ ದೊಡ್ಡದು ಮಾಡೋ ಆಪ್ಷನ್ ಆನ್ ಮಾಡಿದ್ಮೇಲೇನೇ ಅವರಿಗೆ ಓದಕ್ಕಾಗಿದ್ದು.

ಮಿಂಟ್ ಮಾಮ, ಅದನ್ನೂ ತೋರ್ಸಿದೆ, ಮೆನು ಅದ್ರದ್ದೇ ಇಷ್ಟ ಆಯ್ತು ಅವರಿಗೆ. ಇನ್ನೂ ತೀರ್ಮಾನ ಮಾಡಿಲ್ಲ, ಏಪ್ರಿಲ್ ತನಕ ಎರಡೂ ಪೆನ್‌ಡ್ರೈವ್ ಡ್ರಾಯರಲ್ಲಿ ಇರತ್ತೆ. ಕೋರೆಲ್‌ಗೋಸ್ಕರ ವಿಂಡೋಸ್ ಹಂಗೇ ಇಟ್ಟು ಇಂಟರ್ನೆಟ್ ಕೇಬಲ್ ಕಿತ್ತಿಡ್ತೀನಿ. ಒಂದು ಕೊನೇ ಪ್ರಶ್ನೆ, ಮೌಸಿನ ಬಾಣ ದೊಡ್ಡದು ಮಾಡೋದು ಎಲ್ಲಿ? ಬಿಳೀ ಪೇಜ್ ಮೇಲೆ ಕಳ್ದೋಗ್ತಿದೆ ಅಂತಾರೆ.

ಒತ್ತಕ್ಷರ:

ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಸೀಯಿಂಗ್, ಅಲ್ಲಿ ಕರ್ಸರ್ ಸೈಜ್. ಐದು ಸೈಜ್ ಇದೆ, ಎರಡನೇದು ಹಾಕಿ, ಕೊನೇದು ಹಾಕಿದ್ರೆ ಅರ್ಧ ಕಾರ್ಡ್ ಅದೇ ಮುಚ್ಕೊಳತ್ತೆ.